ಆಮೆಯಮ್ಮನಿಗೆ ತಮಿಳು ಬರೋಲ್ಲ

ಇವತ್ತು ಬೆಳಿಗ್ಗೆ ಕೀಲ್ಪಾಕಿನ ನಮ್ಮ ಫ್ಲ್ಯಾಟಿನ ಎದುರು ಮನೆಯಲ್ಲಿ ಯಾರೋ ಹಪ್ಪಳ ಕರಿಯುತ್ತಿದ್ದರು. ಆ ವಾಸನೆಗೆ ನಿಮಗೆ ಹಸಿವಾಗಬಹುದು. ನನಗೆ ಕಮಲಕ್ಕನ ತುಟಿ ನೆನಪಾಗುತ್ತದೆ. ವಿಚಿತ್ರ ಅನ್ನಿಸಿದರೆ ಸ್ವಲ್ಪ ತಾಳಿ, ಹೇಳುತ್ತೇನೆ.

ಕಮಲಕ್ಕ ನನ್ನ ಒಡಹುಟ್ಟಿದ ಅಕ್ಕ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೂ ಸುಮ್ಮನಿರದೆ, ಈ ತಮಿಳು ಊರಿನ ಕನ್ನಡ ಮನೆಗಳ ಮಕ್ಕಳಿಗೆ ಶನಿವಾರ ಶನಿವಾರ ಕಂಪ್ಯೂಟರಿನಲ್ಲಿ ಪಾಠ ಹೇಳುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದೇ ಕಡೆಯಿಂದ ಸೋರಿತು. ಮುಖದ ಎಡಭಾಗ ಸ್ವಾಧೀನ ತಪ್ಪಿತ್ತು. ನರದ ತೊಂದರೆ, ನಿಧಾನವಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಅಕ್ಕ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಪಾಠ ನಿಲ್ಲಿಸಿದಳು.

"ಈ ಸೊಟ್ಟ ಮೂತಿ ನೋಡಿ ಮಕ್ಕಳು ಹೆದರ್ಕೋತಾವೆ ಕಣೋ."

ನಾನು ವಿಮಾ ಕಚೇರಿಯಲ್ಲಿ ಸವೆದವನು. ನನ್ನ ಸಮಾಧಾನವೂ ಅಚ್ಚು ಹಾಕಿದ ನಮೂನೆಯಂತೆಯೇ: "ಎಲ್ಲಾ ಸರಿಹೋಗುತ್ತೆ, ಚಿಂತೆ ಬಿಡು, ಕವಲೆಪಡಬೇಡ." ನಿಜವಾಗಿ ಕೆಲಸಕ್ಕೆ ಬಂದವಳು ನನ್ನ ಮಗಳು ವೀಣಾ. ಪೆರುಂಗುಡಿಯ ಆಫೀಸಿನಲ್ಲಿ ಅವಳ ಕಸುಬೇ ಆನ್‌ಲೈನ್ ಪಾಠಗಳಿಗೆ ಮಾತಾಡುವ ಗೊಂಬೆಗಳನ್ನು ಮಾಡುವುದು.

"ಅತ್ತೆ, ನೀವು ಮಾತಾಡಿ ಸಾಕು. ಪರದೆ ಮೇಲೆ ಗೊಂಬೆ ಬಾಯಾಡಿಸುತ್ತೆ" ಎಂದಳು.

"ಕಾರ್ಟೂನ್ ಕೈಲಿ ವ್ಯಾಕರಣ ಹೇಳಿಸ್ತೀಯಾ?" ಎಂದು ನಾನು ಮೂಗು ಮುರಿದೆ. ಅಕ್ಕನಿಗೆ ಮಾತು ನಿಧಾನವಾಗಿತ್ತಲ್ಲ, ಅದಕ್ಕೆ ಆಮೆಯನ್ನೇ ಆರಿಸಿಕೊಂಡಳು. ಮೊದಲ ಸಲ ಕ್ಯಾಮೆರಾ ಅವಳ ಮುಖವನ್ನೇ ಅನುಸರಿಸಿ, ಆಮೆಗೂ ಸೊಟ್ಟ ಬಾಯಿ ಕೊಟ್ಟುಬಿಟ್ಟಿತು. ವೀಣಾ ಬೆಚ್ಚಿಬಿದ್ದಳು. ಅಕ್ಕ ಎಷ್ಟೋ ವಾರಗಳ ಮೇಲೆ ನಕ್ಕಳು. ಆಮೇಲೆ ವೀಣಾ ಬರೀ ದನಿಗೆ ಬಾಯಾಡುವಂತೆ ಸರಿಮಾಡಿದಳು.

ಈ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅಕ್ಕ ಹಿಂದೆಲ್ಲ ಗದರಿ ಗದರಿ ಸೋತಿದ್ದಳು. ಆಮೆಗೆ ಆ ಕಷ್ಟವಿರಲಿಲ್ಲ. ಹೊಸದಾಗಿ ಸೇರಿದ್ದ ಎಂಟು ವರ್ಷದ ನಂದಿನಿ ಗೊತ್ತಿಲ್ಲ ಅನ್ನಲು "ಎನಕ್ಕು ತೆರಿಯಾದು" ಅಂದರೆ, "ಹಾಗಂದ್ರೆ ಏನಮ್ಮಾ? ನನಗೆ ತಮಿಳು ಬರೋಲ್ಲ. ಈಗ ತಾನೇ ಕೆರೆಯಿಂದ ಎದ್ದು ಬಂದೆ" ಅನ್ನುವುದು. ಪಾಪದ ಪ್ರಾಣಿ ಎಂದುಕೊಂಡು ಮಕ್ಕಳು ಅದಕ್ಕೆ ಮೆಟ್ರೋ ರೈಲು, ಇಡಿಯಾಪ್ಪಂ, ಗಣಿತದ ಮಿಸ್ಸು ಎಲ್ಲವನ್ನೂ ತಡವರಿಸುತ್ತ ಕನ್ನಡದಲ್ಲೇ ವಿವರಿಸತೊಡಗಿದರು.

ಒಂದು ಶನಿವಾರ ಊಟದ ಪಾಠ. ತುಟಿ ಕೂಡದೆ ಅಕ್ಕನ ಬಾಯಲ್ಲಿ ಹಪ್ಪಳ 'ಹಫ್ಫಳ'ವಾಯಿತು.

"ಆಮೆಯಮ್ಮ, ನಿಮಗೆ 'ಪ' ಬರಲ್ವಾ?" ನಂದಿನಿ ಕೇಳಿಯೇಬಿಟ್ಟಳು.

ಪಕ್ಕದಲ್ಲಿದ್ದ ನಾನು ಅಕ್ಕನ ಕಡೆ ತಿರುಗಿದೆ. ಅಕ್ಕನ ಕೈ ಸೆರಗಿಗೆ ಹೋಯಿತು. ಪರದೆಯ ಮೇಲೆ ಆಮೆ ಸುಮ್ಮನೆ ಕಣ್ಣು ಮಿಟುಕಿಸುತ್ತಿತ್ತು.

"ಇಲ್ಲಮ್ಮಾ. ನನ್ನ ತುಟಿಗೆ ಹುಷಾರಿಲ್ಲ. ನೀನು ಹೇಳ್ಕೊಡ್ತೀಯಾ?"

"ಈಸಿ! ಬಾಯಿ ಗಟ್ಟಿಯಾಗಿ ಮುಚ್ಚಿ. ಆಮೇಲೆ ಟಪ್ ಅಂತ ತೆಗೀರಿ. ಪ!"

ಮಕ್ಕಳೆಲ್ಲ ಕೂಡಿ "ಪ" ಎಂದರು. ಅಕ್ಕ ತುಟಿಯ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದು ತಾನೂ ಹೇಳಿದಳು. ಅಂದಿನಿಂದ ಪ್ರತಿ ಪಾಠ ಪ, ಬ, ಮದಿಂದಲೇ ಶುರು. ಆಸ್ಪತ್ರೆಯಲ್ಲಿ ಹೇಳಿಕೊಟ್ಟು ಅವಳು ಮಾಡದೆ ಬಿಟ್ಟಿದ್ದ ವ್ಯಾಯಾಮವನ್ನು ಆ ಪುಟಾಣಿಗಳು ಮಾಡಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಮುಕ್ಕಾಲು ಪಾಲು ಸರಿಹೋಗಿತ್ತು. ಒಂದು ದಿನ ಯಾರನ್ನೂ ಕೇಳದೆ ಆಮೆಯನ್ನು ತೆಗೆದು, ಅಕ್ಕ ತನ್ನ ಮುಖ ತೋರಿಸಿದಳು. ನಂದಿನಿ ಒಂದು ಗಳಿಗೆ ದಿಟ್ಟಿಸಿ, "ಅಯ್ಯೋ, ನೀವು ಪಾಟಿಯಾ!" ಎಂದಳು. ಅವಳ ಕಣ್ಣಿಗೆ ಬಿದ್ದದ್ದು ಅಜ್ಜಿಯ ನರೆಗೂದಲು ಮಾತ್ರ. ಬಾಯಿ ಯಾವ ಕಡೆಗಿದೆ ಎಂದು ನೋಡುವ ಪುರುಸೊತ್ತು ಯಾರಿಗಿತ್ತು!

ಅಕ್ಕನ ತರಗತಿ ಈಗಲೂ ನಡೆಯುತ್ತದೆ; ಹಾಜರಿ ಹಾಕುವುದು ನನ್ನ ಪಾಲಿನ ಕೆಲಸ. ಈ ತಿಂಗಳು ಒಬ್ಬ ಹುಡುಗಿ ಸೇರಿದ್ದಾಳೆ. ಮಾತು ಉಗ್ಗುತ್ತದೆ ಎಂದು ಅವರಮ್ಮ ಮೊದಲೇ ತಿಳಿಸಿದ್ದರು. ಮೂರು ಶನಿವಾರ ಕಳೆದರೂ ಅವಳ ದನಿ ನಾವು ಕೇಳಿಲ್ಲ. ಇವತ್ತು ಪಾಠ ಮುಗಿದ ಮೇಲೆ ನಾನೇ ಅವಳಿಗೆ ಸಂದೇಶ ಕಳಿಸಿದೆ: ನಿನಗೊಂದು ಗೊಂಬೆ ಮಾಡಿಸಿಕೊಡಲಾ ಮರಿ, ಯಾವ ಪ್ರಾಣಿ ಬೇಕು?

ಉತ್ತರ ಬಂತು, ಕನ್ನಡದಲ್ಲೇ:

"ಆನೆ. ದೊಡ್ಡ ದನಿ ಇರೋ ಆನೆ."