ನೂರು ಮೀಟರಿನ ಕೊನೆಯ ಹೆಜ್ಜೆ

ಜಿಲ್ಲಾ ಮಟ್ಟದ ಓಟಕ್ಕೆಂದು ನಾವು ಔರಾದಿನಿಂದ ಬೀದರಿಗೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಓಡಬೇಕಾದ ಹುಡುಗನ ವಯಸ್ಸಿನ ದಾಖಲೆಯನ್ನು ನಾನು ಮನೆಯಲ್ಲೇ ಬಿಟ್ಟು ಬರಬಹುದಿತ್ತು. ಅದಕ್ಕೇ ಅದರ ಝೆರಾಕ್ಸು ಚೀಲದಲ್ಲೂ ಇತ್ತು, ಅಂಗಿಯ ಜೇಬಿನಲ್ಲೂ ಇತ್ತು. ಅವನು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬಹುದಿತ್ತು. ಎದೆಯ ನಂಬರಿಗೆ ಹಚ್ಚಿದ ಪಿನ್ನು ಓಡುವಾಗ ಬಿಚ್ಚಿ ಚುಚ್ಚಬಹುದಿತ್ತು. ಟ್ರ್ಯಾಕಿಗೆ ನಾಯಿ ನುಗ್ಗಬಹುದಿತ್ತು. ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲೆ ಹಾದಾಗ ಇವನು ಮುಖ ಮೇಲೆ ಮಾಡಿಕೊಂಡೇ ಓಡಿ ಪಕ್ಕದವನ ಲೇನಿಗೆ ಹೋಗಿಬಿಡಬಹುದಿತ್ತು.

“ಓಡಾಂವ ಆ ಹುಡುಗ, ಬೆವರು ನಿಮಗ್ಯಾಕ್ರಿ?” ಎಂದು ಹೆಂಡತಿ ಹಿಂದಿನ ದಿನವೇ ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ನಾನು ಗಂಡುಮಕ್ಕಳ ಪ್ರೌಢಶಾಲೆಯ ಗಣಿತದ ಮಾಸ್ತರ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗ ಮುಖ್ಯಗುರುಗಳು ಸೀಟಿಯನ್ನು ನನ್ನ ಕೈಗಿಟ್ಟು, “ನೀವು ಭಾಳ ಫಿಕರ್ ಮಾಡೂ ಮನುಷ್ಯಾರಿ, ಹುಡುಗ್ರು ಸಲಾಮತ್ ಇರ್ತಾರ” ಎಂದಿದ್ದರು. ಬಸ್ಸಿನ ಹಿಂದೆ ಕೂಡ ಓಡದ ನನಗೆ ಇದ್ದ ಅರ್ಹತೆ ಅದೊಂದೇ.

ಹುಡುಗ ಡಾಬಕಾದವನು, ಹತ್ತನೆಯ ತರಗತಿ. ತಾಲೂಕಿನಲ್ಲಿ ನೂರು ಮೀಟರಿಗೆ ಮೊದಲು ಬಂದಿದ್ದ. ಬೀದರಿನಲ್ಲೂ ಮೊದಲು ಬಂದರೆ ವಿಭಾಗ ಮಟ್ಟ. ಎರಡನೆಯವನಿಗೆ ಅಲ್ಲಿಗೆ ದಾರಿ ಇರಲಿಲ್ಲ, ಮುಂದಿನ ವರ್ಷ ಇವನು ನಮ್ಮ ಶಾಲೆಯಲ್ಲೇ ಇರುತ್ತಿರಲಿಲ್ಲ. ವಿಭಾಗದಲ್ಲಿ ಓಡುವವರನ್ನು ಕ್ರೀಡಾ ಹಾಸ್ಟೆಲಿನವರು ಬಂದು ನೋಡುತ್ತಾರೆಂದು ಯಾರೋ ಅವನ ಕಿವಿಗೆ ಹಾಕಿದ್ದರು. ಅಂದಿನಿಂದ ಅವನ ಬಾಯಲ್ಲಿ ಹಾಸ್ಟೆಲು ಬಿಟ್ಟು ಬೇರೆ ಮಾತಿಲ್ಲ.

ಬಸ್ಸು ಕೆಡಲಿಲ್ಲ. ನಾಯಿಯೂ ಬರಲಿಲ್ಲ. ಎಲ್ಲ ಸರಿಯಾಗಿ ನಡೆದದ್ದೇ ನನಗೆ ಅನುಮಾನ ತಂದಿತು.

ಭಾಲ್ಕಿಯ ಶಾಲೆಯ ಮಾಸ್ತರರು ಪಕ್ಕಕ್ಕೆ ಬಂದು ನಿಂತರು. “ನಮ್ಮ ಹುಡುಗನ ಬೂಟ್ ನೋಡ್ರಿ ಸರ. ತಳಕ್ಕ ಮೊಳೆ ಅವ.”

“ನಮ್ಮಾಂವನ ಕಾಲ್ ನೋಡ್ರಿ” ಎಂದೆ. ಧೈರ್ಯದ ಮಾತೇ, ಹೇಳುತ್ತಲೇ ಜೇಬಿನ ಝೆರಾಕ್ಸು ಮುಟ್ಟಿ ನೋಡಿಕೊಂಡೆ.

ಗುಂಡು ಹಾರಿತು. ನಮ್ಮವನು ಎದ್ದ ರೀತಿಗೆ ಭಾಲ್ಕಿಯ ಮಾಸ್ತರರು, “ಅಯ್ಯಯ್ಯಯ್ಯೋ!” ಎಂದರು. ಅರ್ಧ ದಾರಿಗೇ ಅವನ ಮುಂದೆ ಯಾರೂ ಇರಲಿಲ್ಲ. ಗೆರೆ ಹತ್ತಿರ ಬಂತು. ಅಲ್ಲಿ, ಗೆಲ್ಲಲು ಒಂದೇ ಹೆಜ್ಜೆ ಉಳಿದಿದ್ದಾಗ, ಅವನು ಎರಡೂ ಅಂಗೈ ಅಗಲಿಸಿ ಮುಂದೆ ಚಾಚಿದ. ಎದೆ ಹಿಂದಕ್ಕೆ ವಾಲಿತು. ಗೆರೆಯಲ್ಲಿ ಲೆಕ್ಕಕ್ಕೆ ಬರುವುದು ಎದೆ, ಕೈಯಲ್ಲ. ಭಾಲ್ಕಿಯ ಹುಡುಗನ ಎದೆ ಅವನ ಪಕ್ಕದಿಂದ ಗೆರೆ ದಾಟಿತು.

ಗುಂಡು ಹಾರಿದಾಗ ಕಚ್ಚಿಕೊಂಡ ಸೀಟಿ ನನ್ನ ಬಾಯಲ್ಲೇ ಇತ್ತು. ಸಿಕ್ಕಿಕೊಂಡಿದ್ದ ಉಸಿರು ಹೊರಬಂದಾಗ ಅದು ತಾನೇ ಊದಿತು. ನಿರ್ಣಾಯಕರೆಲ್ಲ ತಿರುಗಿ ನೋಡಿದರು.

“ಯಾಕ್ರಿ ಸರ, ಯಾರಿಗರ ಅಪ್ಪಿಕೊಳ್ಳಾಂವ ಇದ್ನೇನು?” ಎಂದರು ಭಾಲ್ಕಿಯ ಮಾಸ್ತರರು.

ಮೈಕಿನಲ್ಲಿ ವಿಭಾಗ ಮಟ್ಟಕ್ಕೆ ಭಾಲ್ಕಿಯ ಹುಡುಗನ ಹೆಸರು ಕೂಗುತ್ತಿದ್ದರು. ನಮ್ಮವನು ನೆಲದ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಕಾಲು ಉಳುಕಿತೋ, ಕಣ್ಣಿಗೆ ಕತ್ತಲೆ ಬಂತೋ ಎಂದು ನಾನು ಬಗ್ಗಿದೆ.

“ಏನಾತೋ?”

“ಗ್ವಾಡಿ, ಸರ್.”

“ಎಲ್ಲಿ ಅದನೋ ಗ್ವಾಡಿ?”

“ನಮ್ಮ ಸಾಲಿದು.”

ನಮ್ಮ ಶಾಲೆಯ ಮೈದಾನದಲ್ಲಿ ನೂರು ಮೀಟರು ಹಿಡಿಸುವುದು ಮೂಲೆಯಿಂದ ಮೂಲೆಗೆ ಮಾತ್ರ. ಮುಗಿಯುವ ಗೆರೆಯ ಬೆನ್ನಿಗೇ ಕಾಂಪೌಂಡು ಗೋಡೆ. ಯಾರದಾದರೂ ಹಲ್ಲು ಮುರಿದರೆ ತಂದೆತಾಯಿಗೆ ಏನು ಹೇಳಲಿ ಎಂದು ಹೆದರಿ, ಆ ಗೋಡೆಗೆ ಆನಿಕೊಂಡು ವರ್ಷವಿಡೀ “ಕೈ ಮುಂದ! ಕೈ ಮುಂದ ಮಾಡ್ರೋ!” ಎಂದು ಕೂಗಿದವನು ನಾನೇ. ತಾಲೂಕಿನ ಪಂದ್ಯವೂ ಅಲ್ಲೇ ನಡೆದಿತ್ತು. ಆವತ್ತು ಎಲ್ಲ ಶಾಲೆಯ ಹುಡುಗರೂ ಹಾಗೇ ಕೈ ಚಾಚಿಕೊಂಡು ಬಂದು ಗೋಡೆ ಬಡಿದಿದ್ದರು, ಮೊದಲು ಬಡಿದವನು ಇವನು. ಒಬ್ಬನಿಗೂ ತರಚಲಿಲ್ಲವೆಂದು ನಾನು ಹಿಗ್ಗಿದ್ದೆ.

“ಇಲ್ಲಿ ಗ್ವಾಡಿ ಇಲ್ಲಂತ ಕಾಣ್ತಿತ್ತಲ್ಲೋ” ಎಂದೆ. ಬೈಯಬೇಕೆಂದಿದ್ದೆ, ಬೇಡಿಕೊಂಡಂತೆ ಬಂತು.

“ಕಾಣ್ತಿತ್ತರಿ ಸರ್. ಮುಂದ ಏನೂ ಇರಲಿಲ್ಲ” ಎಂದ. “ಆದ್ರೂ ಕೈ ಹೋತು.”