ಹುಣಸಿಮರದ ಅಕ್ಕೋರ ಊರಿಗೆ

ತಂಗಿಯ ಪರವಾಗಿ ಆಡಬೇಕಾಗಿದ್ದ ಒಂದು ಮಾತನ್ನು ನಾನು ಆಡಲಿಲ್ಲ. ಹೋದ ವರ್ಷ ಅವಳು ಕಲಿಸುವ ಸಾಲಿಯ ಪಾಲಕರ ಸಭೆಯಲ್ಲಿ, ಅದರ ಬದಲು ಚೇಷ್ಟೆಯ ಮಾತಾಡಿ ಎಲ್ಲರನ್ನೂ ನಗಿಸಿದೆ. ತಪ್ಪಾಯಿತು ಎನ್ನಲು ಕಳೆದ ತಿಂಗಳು ಗಂಗಾವತಿಯಿಂದ ಹೊರಟೆ. ಕೈಯಲ್ಲಿ ಒಂದು ಚೀಲ ಹುಣಸೆಬೀಜವಿತ್ತು.

ನಾನು ಗಾರೆ ಕೆಲಸದ ಗೌಂಡಿ. ಲೆಕ್ಕ ಬಾರದೆ ದಿನಾ ಹೊಡೆತ ತಿಂದು ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವನು. ಇಪ್ಪತ್ತು ತುಂಬುವವರೆಗೆ ಇಟ್ಟಿಗೆ ಹೊತ್ತೆ. ಆಗ ಹೈಸ್ಕೂಲಿನಲ್ಲಿದ್ದ ತಂಗಿ ರೇಣುಕಾ ಅಂಗಳದಲ್ಲಿ ಆಟದ ಮನೆ ಬರೆದು, ಹುಣಸೆಬೀಜ ಇಟ್ಟು, ಆಟ ಆಡಿಸುತ್ತಲೇ ನನಗೆ ಕೂಡುವುದು, ಭಾಗಿಸುವುದು ಕಲಿಸಿದಳು. ಆಮೇಲೆ ಅಳತೆಯ ಟೇಪು ನನ್ನ ಕೈಗೆ ಬಂತು, ಮಿಸ್ತ್ರಿ ಎನಿಸಿಕೊಂಡೆ. ತಂಗಿಯಿಂದ ಕಲಿತೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಬೆಳಗಿನ ಏಳರ ಬಸ್ಸು. ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ, ಹಾಗಾಗಿ ಕೂಡಲು ಜಾಗವೂ ಇಲ್ಲ. ಕೊಪ್ಪಳದವರೆಗೆ ನಿಂತೇ ಹೋದೆ. ಕಾಲುವೆಯ ಭತ್ತದ ಹಸಿರು ಮುಗಿದು ಗಿಣಿಗೇರಿಯ ಕಾರ್ಖಾನೆಗಳ ಹೊಗೆ ಕಂಡಿತು. ಕೊಪ್ಪಳದ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತೆಗೆದುಕೊಂಡೆ, ಅರ್ಧ ಬಿಟ್ಟೆ. ತಳಕಲ್ ಕಡೆಯ ಎರೆಹೊಲಗಳು ಬಿಸಿಲಿಗೆ ಬಿರಿದಿದ್ದವು. ಯಲಬುರ್ಗಾದಲ್ಲಿ ಇಳಿದು ಕುಷ್ಟಗಿಯ ಬಸ್ಸು ಹತ್ತಿದೆ. ತಂಗಿಯ ಊರು ಆ ದಾರಿಯಲ್ಲೇ ಇದೆ.

ಸಾಲಿಯ ಹತ್ತಿರ ಇಳಿಸಲು ಕಂಡಕ್ಟರನಿಗೆ ಹೇಳಿದ್ದು ಪಕ್ಕದ ಹೆಂಗಸಿನ ಕಿವಿಗೆ ಬಿತ್ತು.

“ಹುಣಸಿಮರದ ಅಕ್ಕೋರ ಸಾಲಿಗೇನ್ರಿ? ನಮ್ಮ ಹುಡುಗಿನೂ ಅಲ್ಲೇ ಕಲೀತಾಳ.”

“ಹಂಗ್ಯಾಕ ಕರೀತೀರಿ?”

“ಆ ಹೆಸರು ಅವರ ಅಣ್ಣನೇ ಇಟ್ಟಾನಂತ!” ಎಂದು ಸೆರಗು ಬಾಯಿಗೊತ್ತಿ ನಕ್ಕಳು.

ಆ ಸಭೆಯಲ್ಲಿ ಪಾಲಕರು, “ಪುಸ್ತಕ ಬಿಟ್ಟು ಹುಣಸಿಬೀಜದಾಟ ಆಡಸ್ತಾರ” ಎಂದು ಅವಳ ಮೇಲೆ ದೂರು ಹೇಳುತ್ತಿದ್ದರು. ತಂಗಿಯನ್ನು ನೋಡಲು ಬಂದಿದ್ದ ನನ್ನನ್ನು ಒಬ್ಬರು ಕೇಳಿದರು: “ಮಿಸ್ತ್ರಿ, ನೀನ ಹೇಳಪಾ, ಬೀಜದ್ಲೆ ಲೆಕ್ಕ ಬರತೈತೇನು?” ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹೇಳಲು ನಾಚಿಕೆಯಾಯಿತು. “ಬಂದಿದ್ರ ಪಗಾರ ಹುಣಸಿಮರಕ್ಕ ಕೊಡ್ತಿದ್ರಲ್ಲರಿ” ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ರೇಣುಕಾ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಇಳಿದಾಗ ಹನ್ನೆರಡೂವರೆ. ಹೊರಗಿನಿಂದಲೇ ಏಳರ ಮಗ್ಗಿ ಕೇಳಿಸಿತು. ರೇಣುಕಾಳ ತರಗತಿಯ ಕಿಟಕಿಯಲ್ಲಿ ಇಣುಕಿದೆ. ಮೇಜಿನ ಮೇಲೆ ಕೋಲು. ನೆಲದ ಮೇಲೆ ಬಣ್ಣದಿಂದ ಬರೆದಿದ್ದ ಆಟದ ಮನೆಗಳನ್ನು ಕೆರೆದ ಗುರುತು. ಒಬ್ಬ ಹುಡುಗಿ ಕೈ ಬೆನ್ನ ಹಿಂದೆ ಬಚ್ಚಿಟ್ಟು ಬೆರಳು ಎಣಿಸುತ್ತಿದ್ದಳು, ಥೇಟ್ ನಾನು ಎಣಿಸುತ್ತಿದ್ದಂತೆ.

ಬಿಸಿಯೂಟದ ಗಂಟೆಗೆ ರೇಣುಕಾ ಹೊರಬಂದಳು. ಚೀಲ ನೋಡಿದಳು.

“ಇದನ್ಯಾಕ ತಂದಿ ಅಣ್ಣಾ?”

“ಮತ್ತ ಆಡಸವ್ವಾ.”

“ಈಗ ಯಾರೂ ದೂರು ಹೇಳಂಗಿಲ್ಲ. ಮಕ್ಕಳು ಅಂಜತಾವ, ಬಾಯಿಪಾಠ ಒಪ್ಪಸ್ತಾವ. ಛಲೋ ಟೀಚರ್ ಅಂತಾರ ನನ್ನ. ಒಲಿಗೆ ಹಾಕು ಅದನ್ನ.”

“ಅವತ್ತು ನಾ...”

“ನನ್ನ ಮುಂದ ಯಾಕ? ನಕ್ಕವರ ಮುಂದ ಹೇಳು.”

ಹೋದೆ. ಬಸ್ಸು ನಿಲ್ಲುವಲ್ಲಿ ಚಹಾದ ಹೋಟೆಲಿದೆ. ಸಭೆಯಲ್ಲಿದ್ದ ನಾಲ್ಕು ಜನ ಅಲ್ಲೇ ಕೂತಿದ್ದರು. ನಿಂತುಕೊಂಡೇ ಹೇಳಿದೆ: “ನನಗ ಲೆಕ್ಕ ಕಲಿಸಿದಾಕಿ ನನ್ನ ತಂಗಿರಿ, ಹುಣಸಿಬೀಜದ್ಲೆ. ಅವತ್ತು ನಾ ಸುಳ್ಳು ಹೇಳಿದ್ದೆ.”

ಒಬ್ಬರು ತೊಡೆ ತಟ್ಟಿಕೊಂಡರು. “ಏ ಮಿಸ್ತ್ರಿ ಭಾಳ ಚಾಷ್ಟಿ ಮನಷ್ಯಾ ಬಿಡ್ರೋ! ಹಂಗಾರ ಆ ಪಗಾರ ಯಾರಿಗೆ ಕೊಡೂಣು, ಮರಕ್ಕೋ ನಿನಗೋ?” ಎಲ್ಲರೂ ನಕ್ಕರು. ಖರೇ ಅಂತ ಎರಡು ಸಲ ಅಂದೆ. ಅಂದಷ್ಟೂ ನಕ್ಕರು.

ಸಾಲಿ ಬಿಡುವವರೆಗೆ ಗೋಡೆಯ ನೆರಳಲ್ಲಿ ಕೂತಿದ್ದೆ. ರೇಣುಕಾ ಗೇಟಿಗೆ ಕೀಲಿ ಹಾಕುತ್ತ, ನನ್ನ ಕಡೆ ತಿರುಗದೆ ಕೇಳಿದಳು: “ಹೇಳಿದೇನು?”

“ಹೇಳಿದೆ. ನಂಬಲಿಲ್ಲ ಯಾರೂ.”

ಅವಳು ಕೀಲಿ ಜಗ್ಗಿ ನೋಡಿದಳು, ಸರಿಯಾಗಿ ಬಿದ್ದಿತ್ತು. ಕುಷ್ಟಗಿ ಕಡೆಯಿಂದ ನನ್ನ ಬಸ್ಸು ಬರುತ್ತಿತ್ತು. ಚೀಲ ನನ್ನ ಕೈಯಲ್ಲೇ ಇತ್ತು.

“ತಪ್ಪಾತು ರೇಣವ್ವಾ,” ಎಂದೆ. “ನೀ ನನಗ ಲೆಕ್ಕ ಕಲಿಸಿದಿ. ನಾ ನಿನ್ನ ಆಟ ಕೆಡಿಸಿದೆ. ತಪ್ಪಾತು.”