ಕಡಲನ್ನು ಕೇಳದೆ ಹೊರಟ ವ್ಯಾನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ಮಾದವನ್ ಅವರ ದ್ರಾಕ್ಷಿ ತೋಟದಲ್ಲಿ ಮುತ್ತುಮಾರಿ ಚಪ್ಪರದ ಕೆಳಗೆ ಕತ್ತು ಮೇಲೆತ್ತಿ ನಿಂತಿದ್ದಾರೆ. ಎಡಗೈಯಲ್ಲಿ ಗೊಂಚಲಿನ ತೊಟ್ಟು, ಬಲಗೈಯಲ್ಲಿ ಕತ್ತರಿ. ಹಣ್ಣನ್ನು ಮುಟ್ಟುವಂತಿಲ್ಲ; ಮುಟ್ಟಿದರೆ ಸಿಪ್ಪೆಯ ಮೇಲಿನ ಬೂದಿಯಂಥ ಹುಡಿ ಅಳಿಸಿ ಸಂತೆಯಲ್ಲಿ ಮರ್ಯಾದೆ ಹೋಗುತ್ತದೆ. ಹಿಂದೆ ಅವರ ಗುಂಪಿನ ಹದಿನೈದು ಹೆಂಗಸರು. ಅವರಿಗೆ ಕೂಲಿ ಹುಡುಕುವವರೂ ಇವರೇ, ಗದರುವವರೂ ಇವರೇ, ಜ್ವರ ಬಂದರೆ ಕಂಬಂ ಆಸ್ಪತ್ರೆಗೆ ಕರೆದೊಯ್ಯುವವರೂ ಇವರೇ.

ನಾನು ಬಂದದ್ದು ಇನ್ನೊಂದು ಕಾರಣಕ್ಕೆ. ವರ್ಷಕ್ಕೊಮ್ಮೆ ಮುತ್ತುಮಾರಿ ಬಾಡಿಗೆ ವ್ಯಾನಿನಲ್ಲಿ ಈ ಹೆಂಗಸರನ್ನು ರಾಮೇಶ್ವರದ ದ್ವೀಪಕ್ಕೆ ಕರೆದೊಯ್ಯುತ್ತಾರೆ. ಬೆಟ್ಟದ ನಡುವೆ ಹುಟ್ಟಿ ಬೆಳೆದ ಎಷ್ಟೋ ಮಂದಿ ಕಡಲು ಕಂಡದ್ದು ಇವರಿಂದ. ಅದನ್ನು ಹೇಳಿದರೆ ಮುಖ ತಿರುಗಿಸುತ್ತಾರೆ. "ನನ್ ಪತ್ತಿ ಬರೀಬ್ಯಾಡಿ ಸಾಮಿ. ಬರೆಯೋ ಅಂಗೆ ನಾನೇನೂ ಮಾಡಿಲ್ಲ." ತಲೆಮಾರುಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದವರ ಕನ್ನಡ ಇದು, ಅರ್ಧಕ್ಕರ್ಧ ತಮಿಳು ಬೆರೆತದ್ದು. ನಮ್ಮಂಥ ಪತ್ರಿಕೆಯವರಿಗೆ ಬೇಡ ಎಂದರೆ ಆಸೆ ಇನ್ನೂ ಹೆಚ್ಚುತ್ತದೆ. ನಾನು ಅಲ್ಲೇ ಕೂರುತ್ತೇನೆ.

ತೋಟದ ಅಂಚಿನ ಹೊಂಗೆಮರದಲ್ಲಿ ಕೆಂಪು ಬಟ್ಟೆ ಸುತ್ತಿದ ಸಣ್ಣ ಮಡಕೆಯೊಂದು ತೂಗುತ್ತಿದೆ. ಅದರೊಳಗೆ ಇರುವುದು ಆಂಡಿ ಎಂಬ ಹಿರಿಯರ ಅಸ್ಥಿ. ಅವರ ಹೆಂಡತಿ ವೆಳ್ಳೈಯಮ್ಮಾಳ್ ಇದೇ ಗುಂಪಿನ ಅಜ್ಜಿ. ಮುತ್ತುಮಾರಿಗೆ ವರಸೆಯಲ್ಲಿ ಅತ್ತೆ. ಹೋದ ವರ್ಷ ಕಡಲಿಗೆ ಬಿಡಲೆಂದು ವ್ಯಾನಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದದ್ದು, ಹಾಗೇ ವಾಪಸು ಬಂತು. ಒಮ್ಮೆ ಹೊಸಿಲು ದಾಟಿ ಹೊರಟ ಅಸ್ಥಿ ಮತ್ತೆ ಮನೆಯೊಳಗೆ ಬರಬಾರದು ಎಂಬುದು ಇವರ ಕಟ್ಟಳೆ. ಹಾಗಾಗಿ ಅಂದಿನಿಂದ ಅದು ಮರದಲ್ಲಿದೆ, ಮಳೆಗೂ ಬಿಸಿಲಿಗೂ.

"ತಪ್ಪು ನನ್ದೇ," ಎನ್ನುತ್ತಾರೆ ಮುತ್ತುಮಾರಿ. "ಬಳ್ಳಿ ಸವರಿದ್ ಮ್ಯಾಲೆ ಕಾರ್ತಿಗೈಯಲ್ಲಿ ನಮ್ಗೆ ವೇಲೆ ಇರಲ್ಲ. ವೇಲೆ ಇಲ್ದಾಗ ಓಗೋದ್ ತಾನೆ? ಬಳ್ಳಿ ನೋಡ್ದೆ, ಕಡಲ್ ನೋಡ್ಲಿಲ್ಲ." ವೇಲೆ ಎಂದರೆ ಕೆಲಸ; ಕಾರ್ತಿಗೈ ಎಂದರೆ ನವೆಂಬರ್ ಮಧ್ಯದಿಂದ ಶುರುವಾಗುವ ತಿಂಗಳು, ಆ ಕಡೆ ಚಂಡಮಾರುತದ ಕಾಲ. ಗಾಳಿ ಎದ್ದು, ದ್ವೀಪಕ್ಕೆ ಹೋಗುವ ಸೇತುವೆಗೆ ಮುಂಚೆಯೇ ವ್ಯಾನನ್ನು ತಡೆದರು. ಎರಡು ದಿನ ಛತ್ರವೊಂದರಲ್ಲಿ ನೆನೆದು ಕೂತು ಹಿಂತಿರುಗಿದರು.

ನನ್ನ ಫೋನನ್ನು ಕೇಳಿದ್ದರೂ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ ಎಂದೇ ಹೇಳುತ್ತಿತ್ತು, ನಿಮ್ಮದೇನು ತಪ್ಪು ಎಂದು ಸಮಾಧಾನ ಮಾಡಲು ನೋಡುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ. "ಕಾಲ ತಪ್ಪಿದ್ದಲ್ಲ ಸಾಮಿ. ಅತ್ತೆ ಆವತ್ತೇ ಸೊಲ್ಲಿತ್ತು, ಅಲ್ಲಿರೋರ್ನ ಒಂದ್ ಮಾತು ಕೇಳು ಅಂತ. ರಾಮೇಶ್ವರದಾಗೆ ಹೂ ಮಾರೋ ಅಮ್ಮನ ನಂಬರೂ ನನ್ನತ್ರ ಇತ್ತು. ನಾನು ಎಲ್ಲಾರ್ ಮುಂದೆ, ಮುದಿ ಕಿಳವಿ, ನಿಂಗೇನ್ ಗೊತ್ತು, ಬಾಯ್ ಮುಚ್ಕೊಂಡ್ ಕೂತ್ಕೊ ಅಂದ್ಬುಟ್ಟೆ." ಕತ್ತರಿ ನಿಲ್ಲುತ್ತದೆ. "ಅದು ತಿರುಗಿ ಒಂದ್ ಮಾತೂ ಅನ್ಲಿಲ್ಲ. ಬೈದಿದ್ರೆ ತಾಳ್ಕೊಂತಿದ್ದೆ. ಮೊಗ ನೋಡಕ್ಕೇ ನಾಚ್ಕೆ ಆಯ್ತದೆ."

ಹೊತ್ತೇರಿದ ಮೇಲೆ ಬುತ್ತಿ ಬಿಚ್ಚುವ ವೇಳೆ. ಹೆಂಗಸರು ಗುಂಪಾಗಿ ಕೂರುತ್ತಾರೆ. ಮುತ್ತುಮಾರಿ ಕೂರುವುದಿಲ್ಲ, ಫೋನ್ ಹಿಡಿದು ಆಚೆ ಹೋಗಿ ತಮಿಳಿನಲ್ಲಿ ಯಾರೊಂದಿಗೋ ಮಾತಾಡಿ ಬರುತ್ತಾರೆ. ಬಂದವರೇ ಎಲ್ಲರ ಎದುರು ನಿಲ್ಲುತ್ತಾರೆ. ಇದನ್ನು ಅವರು ನನಗಾಗಿ ಮಾಡುತ್ತಿಲ್ಲ; ನಾನಿರುವುದೇ ಅವರಿಗೆ ಮರೆತಂತಿದೆ.

"ಅತ್ತೆ, ಆವತ್ತು ಎಲ್ಲಾರ್ ಮುಂದೆ ನಿನ್ ಬಾಯ್ ಮುಚ್ಚಿಸ್ದೆ. ಇವತ್ತು ಎಲ್ಲಾರ್ ಮುಂದೇನೇ ಸೊಲ್ತೀನಿ, ನಂದು ತಪ್ಪು. ಹೂವಮ್ಮನ್ನ ಕೇಳ್ದೆ. ಗಾಳಿ ಅಡಗ್ಲಿ, ತೈ ಅಮಾಸೆಗೆ ಬರೋ ಜನಾನೂ ಕರಗ್ಲಿ, ಮಾಸಿ ತಿಂಗಳಲ್ಲಿ ಬಾ ಅಂತು. ಫೆಬ್ರವರಿ ಕಳೀತಾ. ಓಗಾಣಾ?"

ವೆಳ್ಳೈಯಮ್ಮಾಳ್ ತುತ್ತು ನುಂಗಿ ನೀರು ಕುಡಿಯುತ್ತಾರೆ. ಮಾಸಿ ಎಂದರೆ ಈ ತೋಟದಲ್ಲಿ ಮುಂದಿನ ಹಣ್ಣು ಕೊಯ್ಯುವ ಕಾಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಆಗ ಗುಂಪು ಕೈಬಿಟ್ಟರೆ ಮಾದವನ್ ಇನ್ನೊಂದು ಗುಂಪನ್ನು ಕರೆಸುತ್ತಾರೆ. ಒಮ್ಮೆ ತಪ್ಪಿದ ತೋಟ ಮತ್ತೆ ಸಿಗುವುದು ಕಷ್ಟ.

"ಮಾಸಿಯಲ್ಲಿ ಅಣ್ಣು ನಿಂತಿರ್ತೈತಲ್ಲವ್ವಾ," ಎನ್ನುತ್ತಾರೆ ಅಜ್ಜಿ ಮೆಲ್ಲಗೆ. "ತೋಟ ಕೈ ತಪ್ಪಿದ್ರೆ?"

"ಅಣ್ಣು ವರ್ಸಕ್ಕೆ ಮೂರ್ ಸಲ ಬತ್ತೈತೆ ಅತ್ತೆ," ಎನ್ನುತ್ತಾರೆ ಮುತ್ತುಮಾರಿ, ಈ ಸಲ ಅಜ್ಜಿಯ ಮುಖ ನೋಡಿಯೇ. "ಮಾವ ಓಗೋದು ಒಂದೇ ಸಲ."